ಯಾರ ಕಾಲು ಹಿಂದೆ ಹೋಯಿತು?

ಕೇಳುಗರಿಗೆಲ್ಲ ನಮಸ್ಕಾರ.

ಕುದುರೆಮರಿ ಹುಟ್ಟಿದಾಗ ಸುಮಾರು 45ರಿಂದ 50 ಕೆಜಿ ತೂಗುತ್ತದೆ. ಉದ್ದುದ್ದ ಕಾಲು, ರೇಷ್ಮೆಯಂಥ ಮೂತಿ. ಹತ್ತಿರ ಬಂದು ನಮ್ಮ ಎದೆಗೆ ಹಣೆ ಉಜ್ಜಿದರೆ ಮುದ್ದು ಬರುತ್ತದೆ. ಜೇಬಿಗೆ ಮೂತಿ ತೂರಿಸಿ ತಿಂಡಿ ಹುಡುಕಿದರೆ ನಗು ಬರುತ್ತದೆ. ಉಜ್ಜಲಿ ಬಿಡು, ಹುಡುಕಲಿ ಬಿಡು ಅಂದುಕೊಳ್ಳುತ್ತೇವೆ. ಎರಡು ವರ್ಷ ಕಳೆಯುವ ಹೊತ್ತಿಗೆ ಅದೇ ಮರಿ 400 ಕೆಜಿಯ ಹತ್ತಿರ ಬಂದಿರುತ್ತದೆ. ಮಾಡುವ ಕೆಲಸ ಮಾತ್ರ ಬದಲಾಗಿಲ್ಲ. ಈಗಲೂ ಹಣೆ ಉಜ್ಜುತ್ತದೆ, ಈಗಲೂ ಜೇಬು ಹುಡುಕುತ್ತದೆ. ನಾವು ಗೋಡೆಗೆ ಅಂಟಿಕೊಂಡು ನಿಂತಿರುತ್ತೇವೆ. ಆಗ ಬಾಯಿಂದ ಬರುವ ಮಾತು, "ಇದಕ್ಕೆ ಕೊಬ್ಬು ಜಾಸ್ತಿ ಆಗಿದೆ."

ಬೆರಳು ಕೊಟ್ಟರೆ ಹಸ್ತ ನುಂಗಿದ ಅಂತೀವಲ್ಲ, ಹಾಗೆ. ಆದರೆ ಬೆರಳು ಕೊಟ್ಟವರು ನಾವೇ ಅಲ್ವಾ?

ನನ್ನ ಕಥೆಯನ್ನೇ ಹೇಳುತ್ತೇನೆ. ಎರಡೂವರೆ ವರ್ಷದ ಒಂದು ಗಂಡು ಕುದುರೆ ನನ್ನ ಕೈಗೆ ಬಂತು. ಕಂದು ಮೈ, ಹಣೆಯ ಮೇಲೆ ಬಿಳಿ ಬೊಟ್ಟು. ಲಾಯದ ಅಗುಳಿ ಸರಿಸಿದರೆ ಸಾಕು, ಎದೆ ಮುಂದೆ ಮಾಡಿಕೊಂಡು ನುಗ್ಗಿಬಿಡುತ್ತಿತ್ತು. ನಾನು ಒಂದು ಹೆಜ್ಜೆ ಹಿಂದೆ ಹೋಗುತ್ತಿದ್ದೆ. ಹಗ್ಗ ಹಿಡಿದು ನಡೆಸಿದರೆ ಭುಜದಿಂದ ನನ್ನನ್ನು ಪಕ್ಕಕ್ಕೆ ತಳ್ಳುತ್ತಿತ್ತು. ನಾನು ಜಾಗ ಬಿಡುತ್ತಿದ್ದೆ. ಬಾಯಲ್ಲಿ "ಏ, ನಿಲ್ಲೋ" ಅಂತ ಜೋರು ಮಾಡುತ್ತಿದ್ದೆ, ಕಾಲು ಮಾತ್ರ ಹಿಂದೆ ಹಿಂದೆ. ಮೂರನೇ ದಿನ ಬಾಗಿಲ ಕಂಬಕ್ಕೂ ಅದರ ಪಕ್ಕೆಗೂ ನಡುವೆ ಸಿಕ್ಕಿಹಾಕಿಕೊಂಡೆ. ಮೊಣಕೈ ತರಚಿ ರಕ್ತ ಬಂತು. ಅಲ್ಲೇ ಬಕೆಟ್ ತೊಳೆಯುತ್ತಿದ್ದ ಹಿರಿಯರೊಬ್ಬರು ತಲೆ ಎತ್ತಿ ನೋಡಿದರು. ಜೀವನವೆಲ್ಲ ಕುದುರೆಗಳ ಜೊತೆ ಕಳೆದವರು. "ತಂಗೀ, ಅವನು ನಿನಗೆ ಚೆನ್ನಾಗಿ ಪಾಠ ಹೇಳಿಕೊಡ್ತಿದಾನೆ. ಮೂರೇ ದಿನಕ್ಕೆ ಎಷ್ಟು ಚೆಂದ ಹಿಂದೆ ಹೋಗೋದು ಕಲಿತುಬಿಟ್ಟೆ ನೋಡು" ಅಂದರು.

ಕೋಪ ಬಂತು. ಆಮೇಲೆ ನಿಜ ಅನ್ನಿಸಿತು.

ಕುದುರೆಗಳು ಒಟ್ಟಿಗೆ ಮೇಯುವಾಗ ಸ್ವಲ್ಪ ಹೊತ್ತು ಸುಮ್ನೆ ನಿಂತು ನೋಡಿ. ವಯಸ್ಸಾದ ಹೆಣ್ಣು ಕುದುರೆ ಮೇಯುತ್ತಿರುತ್ತದೆ. ಮರಿಯೊಂದು ತೀರಾ ಹತ್ತಿರ ಬಂತು ಅನ್ನಿ. ಹಿರಿಯಳು ಕಿವಿ ಹಿಂದಕ್ಕೆ ಒತ್ತುತ್ತಾಳೆ. ಮರಿ ಗಮನಿಸದಿದ್ದರೆ ಕತ್ತು ಚಾಚುತ್ತಾಳೆ. ಅದಕ್ಕೂ ಬಗ್ಗದಿದ್ದರೆ ಹಲ್ಲು ತೋರಿಸುತ್ತಾಳೆ. ಮರಿ ಎರಡು ಹೆಜ್ಜೆ ಸರಿದ ಕ್ಷಣಕ್ಕೆ ಕಿವಿ ಮತ್ತೆ ಮೊದಲಿನಂತೆ, ಮೇಯುವುದು ಮುಂದುವರಿಯುತ್ತದೆ. ಸಿಟ್ಟಿಲ್ಲ, ಸೇಡಿಲ್ಲ. ಮುಗಿಯಿತು ಅಂದರೆ ಮುಗಿಯಿತು. ಅವುಗಳ ನಡುವೆ ಬಹಳಷ್ಟು ಮಾತು ಹೀಗೆ ಕಾಲಿನಲ್ಲೇ ಆಗುತ್ತದೆ. ಯಾರು ಸರಿದರು, ಯಾರು ನಿಂತರು ಅನ್ನುವುದೇ ಲೆಕ್ಕ.

ಇದನ್ನು ನೋಡಿ ಕೆಲವರು "ಹಾಗಾದರೆ ನಾವೇ ಹಿಂಡಿನ ಯಜಮಾನರಾಗಬೇಕು" ಅಂತ ಎದೆ ಉಬ್ಬಿಸಿ ಹೊರಡುತ್ತಾರೆ. ನನಗೆ ಆ ಮಾತು ರುಚಿಸುವುದಿಲ್ಲ. ಎರಡು ಕಾಲಿನ ನಾವು ಎಷ್ಟು ಗತ್ತು ಮಾಡಿದರೂ ಕುದುರೆ ಆಗುವುದಿಲ್ಲ. ಬಲದಲ್ಲಿ ಅದರ ಮುಂದೆ ನಾವು ಯಾವ ಲೆಕ್ಕ? ಎಳೆದಾಟಕ್ಕೆ ಇಳಿದರೆ ಗೆಲ್ಲುವುದು ಯಾರು ಅಂತ ಹೇಳಬೇಕಾಗಿಲ್ಲ. ಅದೂ ಅಲ್ಲದೆ, ಮೈಗೆ ಏನಾದರೂ ಒತ್ತಿದರೆ ಕುದುರೆ ಮೊದಲು ಅದರ ಎದುರಿಗೇ ಒತ್ತುತ್ತದೆ. ನೀವು ತಳ್ಳಿದಷ್ಟೂ ನಿಮ್ಮ ಮೇಲೆ ವಾಲುತ್ತದೆ. ಒತ್ತಡಕ್ಕೆ ಸರಿಯುವುದು ಅದು ಕಲಿಯಬೇಕಾದ ವಿದ್ಯೆ.

ಕಲಿಸುವುದು ಹೇಗೆ? ಮುಖಪಟ್ಟಿಗೆ ಮೂರು ಮೀಟರಿನಷ್ಟು ಉದ್ದದ ಹಗ್ಗ ಹಾಕಿ. ಹಗ್ಗವನ್ನು ಕೈಗೆ ಸುತ್ತಿಕೊಳ್ಳಬೇಡಿ, ಯಾವತ್ತೂ ಬೇಡ. ಕುದುರೆ ಬೆದರಿ ಜಿಗಿದರೆ ಬೆರಳು ಉಳಿಯುವುದಿಲ್ಲ. ಮಡಿಕೆ ಮಡಿಕೆಯಾಗಿ ಅಂಗೈಯಲ್ಲಿ ಹಿಡಿದರೆ ಸಾಕು. ತೀರಾ ಮುಂದೆ ನಿಲ್ಲಬೇಡಿ, ಸ್ವಲ್ಪ ಓರೆಯಾಗಿ ನಿಲ್ಲಿ. ಕುದುರೆಗೆ ಸುತ್ತಲೂ ಸುಮಾರು 350 ಡಿಗ್ರಿ ಕಾಣುತ್ತದೆ, ಆದರೆ ಹಣೆಯ ನೇರ ಮುಂದೆ ಒಂದಿಷ್ಟು ಜಾಗ, ಬಾಲದ ನೇರ ಹಿಂದೆ ಒಂದಿಷ್ಟು ಜಾಗ ಕಾಣುವುದಿಲ್ಲ. ಕಾಣದ ಕಡೆಯಿಂದ ಬಂದ ಕೈ ಅದಕ್ಕೆ ಹೆದರಿಕೆ.

ಈಗ "ಹಿಂದೆ" ಅನ್ನಿ. ಹಗ್ಗವನ್ನು ಮೆಲ್ಲಗೆ ಅಲ್ಲಾಡಿಸಿ. ಏನೂ ಆಗುವುದಿಲ್ಲ. ಇನ್ನೊಂದು ಚೂರು ಜೋರಾಗಿ. ತಲೆ ಎತ್ತುತ್ತದೆ, ಮುಖ ಸಿಂಡರಿಸುತ್ತದೆ. ಬಿಡಬೇಡಿ, ಸಿಟ್ಟೂ ಆಗಬೇಡಿ, ಅಲ್ಲಾಡಿಸುತ್ತಲೇ ಇರಿ. ಅದರ ಎದೆಯನ್ನು ನೋಡುತ್ತಿರಿ. ಒಂದು ಗಳಿಗೆಯಲ್ಲಿ ಮುಂಗಾಲಿನ ಮೇಲಿದ್ದ ಭಾರ ಹಿಂದಕ್ಕೆ ಜಾರುತ್ತದೆ. ಗೊರಸು ಇನ್ನೂ ಎದ್ದಿರುವುದಿಲ್ಲ, ಭಾರ ಮಾತ್ರ ಜಾರಿರುತ್ತದೆ. ಆಗಲೇ ಹಗ್ಗ ಸಡಿಲ ಬಿಡಿ, ಥಟ್ಟನೆ. ಕುದುರೆ ಕಣ್ಣು ಮಿಟುಕಿಸಿ ಯೋಚಿಸುತ್ತದೆ: ಏನು ಮಾಡಿದೆ ನಾನು, ಆ ಕಾಟ ನಿಂತಿತಲ್ಲ? ಮುಂದಿನ ಸಲ ಒಂದು ಹೆಜ್ಜೆ ಕೇಳಿ. ಹೆಜ್ಜೆ ಬಂದ ತಕ್ಷಣ ಮತ್ತೆ ಸಡಿಲ.

ನನ್ನ ಅನುಭವದಲ್ಲಿ ಎಲ್ಲರೂ ತಪ್ಪುವುದು ಇಲ್ಲೇ. ಒತ್ತುವುದು ಎಲ್ಲರಿಗೂ ಬರುತ್ತದೆ, ಬಿಡುವುದು ಬರುವುದಿಲ್ಲ. ಕುದುರೆ ಕಲಿಯುವುದು ನಾವು ಬಿಟ್ಟ ಕ್ಷಣದಿಂದ. ಎರಡು ಮೂರು ಸೆಕೆಂಡ್ ತಡವಾಗಿ ಬಿಟ್ಟರೆ ಅದು ಕಲಿಯುವುದೇ ಬೇರೆ. ತಲೆ ಒದರಿದಾಗ ಬಿಟ್ಟರೆ, ತಲೆ ಒದರಿದರೆ ಬಿಡುತ್ತಾರೆ ಅಂತ ಕಲಿಯುತ್ತದೆ.

ಕಚ್ಚುವ ವಿಷಯಕ್ಕೂ ಇದೇ ಮಾತು. ಎಳೆ ಗಂಡು ಕುದುರೆಗಳ ಆಟವೇ ಕಚ್ಚಿ ತಪ್ಪಿಸಿಕೊಳ್ಳುವುದು. ಅದು ತೋಳು ಹಿಡಿಯಲು ಬಂತು, ನೀವು ಮೂತಿಗೆ ಹೊಡೆದಿರಿ, ಅದು ಹಿಂದಕ್ಕೆ ಹಾರಿತು. ನಿಮಗೆ ಅದು ಶಿಕ್ಷೆ, ಅದಕ್ಕೆ ಮಾತ್ರ ಆಟ ಶುರುವಾಯಿತು! ಜೊತೆಗೆ ಮುಖದ ಹತ್ತಿರ ಕೈ ಬಂದರೆ ಬೆಚ್ಚುವುದನ್ನೂ ಕಲಿಯುತ್ತದೆ. ಹೊಡೆಯುವ ಬದಲು ಅದರ ಕಾಲಿಗೆ ಕೆಲಸ ಕೊಡಿ. ಮೂತಿ ತಿರುಗಿದ ಕೂಡಲೇ ನಾಲ್ಕು ಹೆಜ್ಜೆ ಹಿಂದೆ ನಡೆಸಿ, ಆಮೇಲೆ ಏನೂ ಆಗದವರ ಹಾಗೆ ನಿಂತುಬಿಡಿ. ಕೈಯಿಂದ ತಿಂಡಿ ತಿನ್ನಿಸುವ ಅಭ್ಯಾಸ ಇದ್ದರೆ ಕೆಲವು ದಿನ ನಿಲ್ಲಿಸಿ, ಬಕೆಟ್‌ಗೆ ಹಾಕಿ. ಬಾಟಲಿ ಹಾಲು ಕುಡಿಸಿ ಸಾಕಿದ ತಬ್ಬಲಿ ಮರಿಗಳಂತೂ ಮನುಷ್ಯರನ್ನೇ ಆಟದ ಜೊತೆಗಾರರು ಅಂದುಕೊಂಡಿರುತ್ತವೆ. ಅವುಗಳ ಜೊತೆ ಇನ್ನೂ ಹೆಚ್ಚು ತಾಳ್ಮೆ ಬೇಕು. ತಿದ್ದಬೇಕಾದ ದೊಡ್ಡ ಕುದುರೆಗಳು ಪಕ್ಕದಲ್ಲಿ ಇರಲಿಲ್ಲವಲ್ಲ, ಪಾಪ.

ಇನ್ನೊಂದು ಮಾತು. ಒಳ್ಳೆಯ ಕುದುರೆ ಇದ್ದಕ್ಕಿದ್ದಂತೆ ತಂಟೆ ಶುರು ಮಾಡಿದರೆ ಬುದ್ಧಿ ಹೇಳುವ ಮೊದಲು ಬಾಯಿ ನೋಡಿಸಿ. ಎರಡೂವರೆ ವರ್ಷದಿಂದ ಐದು ವರ್ಷದವರೆಗೆ ಹಾಲುಹಲ್ಲು ಉದುರಿ ಹೊಸ ಹಲ್ಲು ಬರುತ್ತಿರುತ್ತದೆ. ಹಲ್ಲು ನೋಯುವಾಗ ನಾವಾದರೂ ನಗುನಗುತ್ತಾ ಇರುತ್ತೇವಾ? ಹಾಗೆಯೇ ದಿನವಿಡೀ ಲಾಯದಲ್ಲಿ ಕಟ್ಟಿಹಾಕಿ, ಹೊಟ್ಟೆ ತುಂಬ ಕಾಳು ಹಾಕಿ, ಹೊರಗೆ ಓಡಲು ಬಿಡದಿದ್ದರೆ ಆ ಕಸುವು ಎಲ್ಲಿಗೆ ಹೋಗಬೇಕು? ನಿಮ್ಮ ಮೇಲೇ ಬರುತ್ತದೆ.

ಧೈರ್ಯದ ವಿಷಯಕ್ಕೆ ಬರೋಣ. "ಕುದುರೆ ಕಂಡರೆ ಕಾಲುನೋವು" ಅಂತ ಗಾದೆ. ನನಗೆ ಕುದುರೆ ಕಂಡರೆ ಉಸಿರು ನಿಲ್ಲುತ್ತಿತ್ತು. ನಾನೇನೂ ಹೆದರಿಲ್ಲ ಅಂತ ಮುಖ ಬಿಗಿಯುತ್ತಿದ್ದೆ, ಮುಷ್ಟಿಯೂ ಬಿಗಿಯುತ್ತಿತ್ತು, ಹಗ್ಗವೂ ಬಿಗಿಯುತ್ತಿತ್ತು. ಸ್ವೀಡನ್‌ನ ಸಂಶೋಧಕರು ಇದನ್ನು ಪರೀಕ್ಷೆ ಮಾಡಿ 2009ರಲ್ಲಿ ಬರೆದಿದ್ದಾರೆ. ಕುದುರೆಯನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ನಾಲ್ಕು ಸಲ ನಡೆಸಲು ಜನರಿಗೆ ಹೇಳಿದರು. ನಾಲ್ಕನೇ ಸಲ ಹೊರಡುವ ಮೊದಲು, "ಈ ಸಲ ಪಕ್ಕದಲ್ಲಿ ಛತ್ರಿ ಬಿಚ್ಚುತ್ತೇವೆ" ಅಂದರು. ಯಾರೂ ಛತ್ರಿ ಬಿಚ್ಚಲಿಲ್ಲ. ಆದರೂ ಜನರ ಎದೆಬಡಿತ ಏರಿತು, ಹಗ್ಗದ ಇನ್ನೊಂದು ತುದಿಯಲ್ಲಿದ್ದ ಕುದುರೆಯದೂ ಏರಿತು. ಛತ್ರಿಯ ಸುದ್ದಿ ಅದಕ್ಕೆ ಯಾರು ಹೇಳಿದರು?

ಹಾಗಾಗಿ ಧೈರ್ಯದ ನಾಟಕ ಅದರ ಮುಂದೆ ನಡೆಯುವುದು ಕಷ್ಟ. ನಾನು ಕಂಡುಕೊಂಡ ಉಪಾಯ ಕೇಳಿದರೆ ನಗುತ್ತೀರಿ. ಹದಿನೇಳರ ಮಗ್ಗಿ ಹೇಳುತ್ತೇನೆ, ಗಟ್ಟಿಯಾಗಿ. ಮಗ್ಗಿ ಹೇಳುತ್ತಾ ಉಸಿರು ಕಟ್ಟಿಕೊಳ್ಳಲು ಆಗುವುದಿಲ್ಲ. ಹದಿನೇಳು ಎಂಟ್ಲಾ ಎಷ್ಟು ಅಂತ ತಡವರಿಸುವಾಗ ಹೆದರಿಕೆಗೆ ಪುರುಸೊತ್ತೂ ಇರುವುದಿಲ್ಲ. ಹೆದರಿಕೆ ನಿಜಕ್ಕೂ ಜಾಸ್ತಿ ಇದ್ದರೆ, ಕುದುರೆ ಮುಂಗಾಲು ಎತ್ತಿ ಮೇಲೆ ಬರುತ್ತಿದ್ದರೆ, ಒಬ್ಬರೇ ಹೋಗಬೇಡಿ. ಪಳಗಿದವರನ್ನು ಕರೆಯಿರಿ. ಅದರಲ್ಲಿ ನಾಚಿಕೆ ಏನಿದೆ? ತಲೆಗೆ ಹೆಲ್ಮೆಟ್, ಕಾಲಿಗೆ ಗಟ್ಟಿ ಶೂ ಇರಲಿ.

ನನ್ನ ಕಂದು ಕುದುರೆಗೆ ದಿನಕ್ಕೆ ಹತ್ತು ಹದಿನೈದು ನಿಮಿಷ, ಅಷ್ಟೇ. ಅದಕ್ಕಿಂತ ಜಾಸ್ತಿ ಎಳೆ ಕುದುರೆಯ ತಲೆಗೆ ಹೋಗುವುದಿಲ್ಲ. ನನ್ನ ಸುತ್ತ ತೋಳು ಚಾಚಿದಷ್ಟು ಜಾಗ ನನ್ನದು ಅಂತ ಗೆರೆ ಹಾಕಿಕೊಂಡೆ. ಸೋಮವಾರ ಗೆರೆ ದಾಟಿದರೆ ಹಿಂದೆ ಕಳಿಸುವುದು, ಮಂಗಳವಾರ ಮುದ್ದು ಬಂತು ಅಂತ ಬಿಟ್ಟುಬಿಡುವುದು, ಹಾಗೆ ಮಾಡಲಿಲ್ಲ. ಮುದ್ದು ಮಾಡಬೇಕು ಅನಿಸಿದರೆ ನಾನೇ ಗೆರೆ ದಾಟಿ ಹೋಗಿ ಜೂಲಿನ ಬುಡ ತುರಿಸುತ್ತಿದ್ದೆ. ಕೆಲವು ದಿನ ಎರಡು ಹೆಜ್ಜೆ ಮುಂದೆ, ಮೂರು ಹೆಜ್ಜೆ ಹಿಂದೆ. ಒಂದು ಮಳೆಯ ದಿನವಂತೂ ಎಲ್ಲ ಮರೆತು ನನ್ನ ಪಾದ ತುಳಿಯಿತು.

ಐದನೇ ವಾರ ಇರಬೇಕು. ಬೆಳಗ್ಗೆ ಅಗುಳಿ ಸರಿಸಿದೆ, ಬಾಗಿಲು ಪೂರ್ತಿ ತೆರೆದೆ. ಒಳಗೆ ಅದು ಕಿವಿ ನೆಟ್ಟಗೆ ಮಾಡಿ ನಿಂತಿತ್ತು. ಒಂದು ಗೊರಸು ಹೊಸ್ತಿಲ ಆಚೆ ಇಟ್ಟಿತು. ನನ್ನ ಮುಖ ನೋಡಿತು. ನಾನು ಹದಿನೇಳು ನಾಲ್ಕ್ಲಾ ಅರವತ್ತೆಂಟರಲ್ಲಿದ್ದೆ. ಗೊರಸನ್ನು ಮೆಲ್ಲಗೆ ವಾಪಸ್ ಎಳೆದುಕೊಂಡಿತು.

ಹಿರಿಯರು ಬಕೆಟ್ ಕೆಳಗಿಟ್ಟರು. "ಸದ್ಯ, ಇವತ್ತು ಅವನು ಹಿಂದೆ ಹೋದ" ಅಂದರು.

ನಮಸ್ಕಾರ.