13 ಟೀಮು, ಒಂದು ಟ್ರಂಕು

ನಮಸ್ಕಾರ. ಕಾರಿನೊಳಗಿಂದಲೇ ಶೂಟ್ ಮಾಡಿದ್ದು, ಚಿತ್ರ ಸ್ವಲ್ಪ ಅಲುಗಾಡುತ್ತದೆ. ಅಡ್ಜಸ್ಟ್ ಮಾಡಿಕೊಳ್ಳಿ.

ಈಗ ಎಡಗಡೆ ಕಾಣುತ್ತಿದೆಯಲ್ಲ, ಅದು ಸೆಂಟ್ರಲ್ ಕಬ್ಯಾರಸ್ ಹೈಸ್ಕೂಲು. ಊರು ಕಾಂಕರ್ಡ್, ನಾರ್ತ್ ಕೆರೊಲಿನಾ. ನಾನಿರುವ ಶಾರ್ಲೆಟ್‌ನಿಂದ ಇಲ್ಲಿಗೆ ಸುಮಾರು ಅರ್ಧ ಗಂಟೆ. ಇವತ್ತು ಭಾನುವಾರ, ಸ್ಕೂಲಿನಲ್ಲಿ ಯಾರೂ ಇಲ್ಲ. ಪಾರ್ಕಿಂಗ್ ಖಾಲಿ. ನೋಡುವುದಕ್ಕೆ ಏನೂ ಇಲ್ಲದ ಜಾಗಕ್ಕೆ ಭಾನುವಾರ ಬೆಳಿಗ್ಗೆ ಯಾಕೆ ಬಂದೆ ಅಂತ ನನ್ನ ಹೆಂಡತಿಯೂ ಕೇಳಿದಳು.

ಇಲ್ಲಿ ಓದಿದ ಒಬ್ಬ ಹುಡುಗನಿಗೋಸ್ಕರ ಬಂದೆ. ಹೆಸರು ಇಷ್ ಸ್ಮಿತ್. ಎನ್‌ಬಿಎ, ಅಂದರೆ ಅಮೆರಿಕದ ದೊಡ್ಡ ಬಾಸ್ಕೆಟ್‌ಬಾಲ್ ಲೀಗು, ಅದರ ಚರಿತ್ರೆಯಲ್ಲಿ ಅತಿ ಹೆಚ್ಚು ಟೀಮುಗಳಿಗೆ ಆಡಿದ ದಾಖಲೆ ಅವನದು. 13 ಟೀಮು. ಇಡೀ ಲೀಗಿನಲ್ಲಿ ಇರುವುದೇ 30. ವಯಸ್ಸಿನಲ್ಲಿ ನನಗಿಂತ ದೊಡ್ಡವನು, ಆದರೂ ಏಕವಚನದಲ್ಲೇ ಮಾತಾಡುತ್ತೇನೆ. ಇಷ್ಟಪಡುವ ಆಟಗಾರನನ್ನು 'ಅವರು ಇವರು' ಅಂತ ಯಾರು ಕರೆಯುತ್ತಾರೆ, ಅಲ್ವಾ?

ಈ ಶಾಟ್ ನಮ್ಮ ಮನೆಯದು. ಇದು ಅಪ್ಪನ ತಗಡಿನ ಟ್ರಂಕು. ಹೌದು, ಅಮೆರಿಕಕ್ಕೆ ಬಂದಿದೆ, ಕಥೆ ಇನ್ನೊಂದು ದಿನ ಹೇಳುತ್ತೇನೆ. ಮುಚ್ಚಳದ ಮೇಲೆ ಬಿಳಿ ಪೇಂಟಿನಲ್ಲಿ ಅಪ್ಪನ ಹೆಸರಿದೆ. ಅದರ ಕೆಳಗೆ ಊರಿನ ಹೆಸರು ಇರುವ ಜಾಗದಲ್ಲಿ ಒಂದು ದಪ್ಪನೆಯ ಪದರ. ಹತ್ತಿರದಿಂದ ನೋಡಿ. 'ಸಿಂಧನೂರು' ಅಂತ ಬರೆದು, ಅದರ ಮೇಲೆ ಹಸಿರು ಬಳಿದು, 'ಕುಮಟಾ' ಅಂತ ಬರೆದು, ಅದರ ಮೇಲೆ ಮತ್ತೆ ಹಸಿರು ಬಳಿದು, 'ಹಾಸನ'. ಬೆರಳಾಡಿಸಿದರೆ ಕೆಳಗಿನ ಅಕ್ಷರಗಳು ಈಗಲೂ ಕೈಗೆ ಸಿಗುತ್ತವೆ.

ಅಪ್ಪ ಬ್ಯಾಂಕಿನಲ್ಲಿದ್ದರು. ಮೂರು ವರ್ಷಕ್ಕೊಮ್ಮೆ ಟ್ರಾನ್ಸ್‌ಫರ್. ಹತ್ತನೇ ಕ್ಲಾಸು ಮುಗಿಸುವಷ್ಟರಲ್ಲಿ ನಾನು ನಾಲ್ಕು ಸಲ ಟಿ.ಸಿ. ತಗೊಂಡಿದ್ದೆ. ಹೊಸ ಸ್ಕೂಲಿನ ಮೊದಲ ದಿನ ಯಾವ ಬೆಂಚಿನಲ್ಲಿ ಕೂರಬೇಕು ಅಂತ ಬಾಗಿಲಲ್ಲೇ ನಿಂತು ಲೆಕ್ಕ ಹಾಕುವುದಿದೆಯಲ್ಲ, ಅದರಲ್ಲಿ ನಾನು ಎಕ್ಸ್‌ಪರ್ಟು. ಹಾಸನದಲ್ಲಿ ಬಾಸ್ಕೆಟ್‌ಬಾಲ್‌ಗೆ ಸೇರಿದ್ದೂ ಅದಕ್ಕೇ. ಆಟಕ್ಕೆ ಒಬ್ಬ ಕಡಿಮೆ ಇದ್ದ, ನನ್ನನ್ನು ಕರೆದರು. ಅಷ್ಟೇ.

ಇನ್ನು ಇಷ್ ಸ್ಮಿತ್ ವಿಷಯ.

ಹುಟ್ಟಿದ್ದು 1988ರಲ್ಲಿ, ಶಾರ್ಲೆಟ್‌ನಲ್ಲೇ. ಎತ್ತರ ಆರಡಿ. ನಮ್ಮ ಕಡೆ ಆರಡಿ ಅಂದರೆ ಮದುವೆ ಫೋಟೋದಲ್ಲಿ ಹಿಂದಿನ ಸಾಲು. ಎನ್‌ಬಿಎಯಲ್ಲಿ ಆರಡಿ ಅಂದರೆ ಕುಳ್ಳ. ಇಲ್ಲೇ ಪಕ್ಕದ ವಿನ್‌ಸ್ಟನ್-ಸೇಲಂನಲ್ಲಿರುವ ವೇಕ್ ಫಾರೆಸ್ಟ್ ವಿಶ್ವವಿದ್ಯಾಲಯದಲ್ಲಿ ನಾಲ್ಕು ವರ್ಷ ಆಡಿದ. ಅವನನ್ನು ಅಲ್ಲಿಗೆ ಕರೆತಂದ ಕೋಚ್ ಸ್ಕಿಪ್ ಪ್ರಾಸರ್, ಇಷ್‌ನ ಮೊದಲ ವರ್ಷ ಮುಗಿದ ಬೇಸಿಗೆಯಲ್ಲೇ, 2007ರ ಜುಲೈನಲ್ಲಿ, ಹೃದಯಾಘಾತದಿಂದ ತೀರಿಕೊಂಡರು.

ಇಷ್‌ಗೆ ಇದ್ದದ್ದು ಒಂದೇ ದೊಡ್ಡ ಅಸ್ತ್ರ. ವೇಗ. ಚೆಂಡು ಕೈಗೆ ಬಂದರೆ ಸಾಕು, ಎದುರಿನವನು ಕಾಲು ಸರಿಮಾಡಿಕೊಳ್ಳುವುದರೊಳಗೆ ಪಕ್ಕದಿಂದ ನುಗ್ಗಿ ಹೋಗಿರುತ್ತಿದ್ದ. ಕೊರತೆಯೂ ಒಂದೇ. ದೂರದಿಂದ ಹೊಡೆಯುವುದು ಅಷ್ಟಾಗಿ ಕೂಡಿಬರುತ್ತಿರಲಿಲ್ಲ. ಲೀಗೇ ಮೂರು ಪಾಯಿಂಟಿನ ಹೊಡೆತದ ಹಿಂದೆ ಬಿದ್ದ ಕಾಲದಲ್ಲಿ ಇದು ಸಣ್ಣ ಕೊರತೆ ಅಲ್ಲ. ಟೀಮುಗಳು ಸರದಿಯಂತೆ ಹೊಸ ಹುಡುಗರನ್ನು ಆರಿಸಿಕೊಳ್ಳುವುದಕ್ಕೆ ಡ್ರಾಫ್ಟ್ ಅನ್ನುತ್ತಾರೆ. 2010ರ ಡ್ರಾಫ್ಟಿನಲ್ಲಿ 60 ಹೆಸರು ಕೂಗಿದರು. ಅವನ ಹೆಸರು ಬರಲಿಲ್ಲ.

ಆಮೇಲೆ ನಡೆದದ್ದನ್ನು ಒಂದೇ ಉಸಿರಿನಲ್ಲಿ ಹೇಳುತ್ತೇನೆ, ಮ್ಯಾಪ್ ನೋಡುತ್ತಿರಿ. ಹ್ಯೂಸ್ಟನ್‌ನಲ್ಲಿ ಶುರು. ಮೊದಲ ವರ್ಷ ಮುಗಿಯುವ ಮುಂಚೆಯೇ ಮೆಂಫಿಸ್. ಅಲ್ಲಿಂದ ಗೋಲ್ಡನ್ ಸ್ಟೇಟ್. ಕೆಲವೇ ವಾರಕ್ಕೆ ಅಲ್ಲಿಂದಲೂ ಹೊರಗೆ, ಒರ್ಲ್ಯಾಂಡೊ. ಆಮೇಲೆ ಮಿಲ್ವಾಕಿ. ಆಮೇಲೆ ಫೀನಿಕ್ಸ್. ಆಮೇಲೆ ಒಕ್ಲಹೋಮ ಸಿಟಿ. ಐದು ವರ್ಷಕ್ಕೆ ಏಳು ಟೀಮು. ನಮ್ಮಪ್ಪನ ಟ್ರಂಕಾಗಿದ್ದರೆ ಪೇಂಟಿನ ಭಾರಕ್ಕೇ ಮುಚ್ಚಳ ಮುರಿಯುತ್ತಿತ್ತು.

ಇಂಥ ಆಟಗಾರರಿಗೆ ಇಲ್ಲಿ ಜರ್ನಿಮನ್ ಅನ್ನುತ್ತಾರೆ. ನಾನು ಬಹಳ ದಿನ ಇದಕ್ಕೂ ಪ್ರಯಾಣಕ್ಕೂ ಸಂಬಂಧ ಅಂದುಕೊಂಡಿದ್ದೆ. ಅಲ್ಲವಂತೆ. ಫ್ರೆಂಚಿನಲ್ಲಿ 'ದಿನ' ಅನ್ನುವ ಮಾತಿನಿಂದ ಬಂದದ್ದು. ಕೆಲಸ ಪೂರ್ತಿ ಕಲಿತಿರುತ್ತಾನೆ, ಆದರೆ ಸ್ವಂತ ಅಂಗಡಿ ಇರುವುದಿಲ್ಲ, ದಿನದ ಲೆಕ್ಕದಲ್ಲಿ ಕೂಲಿ. ಅಂಥ ಕಸುಬುದಾರ. ಅಂದರೆ ದಿನಗೂಲಿ.

ಎನ್‌ಬಿಎಯಲ್ಲಿ ಈ ದಿನಗೂಲಿ ನಿಜವಾಗಿಯೂ ಇದೆ. 10 ದಿನದ ಕಾಂಟ್ರ್ಯಾಕ್ಟು ಅಂತ. ಜನವರಿಯಲ್ಲಿ ಶುರುವಾಗುತ್ತದೆ. ಯಾರಿಗೋ ಗಾಯವಾಯಿತು, ಒಬ್ಬನನ್ನು 10 ದಿನಕ್ಕೆ ಕರೆಸಿಕೊಳ್ಳುತ್ತಾರೆ. ಇಷ್ಟವಾದರೆ ಇನ್ನೊಂದು 10 ದಿನ. ಅದೂ ಮುಗಿದ ಮೇಲೆ ಸೀಸನ್ ಮುಗಿಯುವವರೆಗೆ ಇಟ್ಟುಕೊಳ್ಳಬೇಕು, ಇಲ್ಲ ಕಳಿಸಿಬಿಡಬೇಕು. ಸಿಮ್ ಭುಲ್ಲರ್ ನೆನಪಿದೆಯಾ? ಕೆನಡಾದಲ್ಲಿ ಬೆಳೆದ ಪಂಜಾಬಿ ಹುಡುಗ, ಏಳೂವರೆ ಅಡಿ ಹತ್ತಿರ. ಎನ್‌ಬಿಎಯಲ್ಲಿ ಆಡಿದ ಭಾರತೀಯ ಮೂಲದ ಮೊದಲಿಗ. 2015ರ ಏಪ್ರಿಲ್‌ನಲ್ಲಿ ಸ್ಯಾಕ್ರಮೆಂಟೊ ಅವನನ್ನು ಕರೆದದ್ದು ಇದೇ 10 ದಿನಕ್ಕೆ. ಮೂರು ಪಂದ್ಯ, ಎಲ್ಲಾ ಸೇರಿ ಮೂರು ನಿಮಿಷವೂ ಇಲ್ಲ. ಆಮೇಲೆ ಮತ್ತೆ ಕರೆ ಬರಲಿಲ್ಲ, ತೈವಾನಿಗೆ ಹೋಗಿ ಆಡಿದ. ಅಂಥ ಬಾಗಿಲಿನೊಳಗೆ ಇಷ್ ಸ್ಮಿತ್ ಹೇಗೋ 14 ಸೀಸನ್ ನಿಂತಿದ್ದ.

ಇನ್ನೊಂದು ವಿಷಯ, ಟ್ರೇಡು. ಟೀಮುಗಳು ಒಪ್ಪಿಕೊಂಡರೆ ಆಟಗಾರನ ಕಾಂಟ್ರ್ಯಾಕ್ಟು ಹಾಗೇ ಇನ್ನೊಂದು ಊರಿಗೆ ಹೋಗುತ್ತದೆ. ಕಾಂಟ್ರ್ಯಾಕ್ಟಿನ ಜೊತೆ ಆಟಗಾರನೂ. ಎಲ್ಲೋ ಕೆಲವರನ್ನು ಬಿಟ್ಟರೆ 'ನಾನು ಹೋಗಲ್ಲ' ಅನ್ನುವ ಹಕ್ಕು ಯಾರಿಗೂ ಇಲ್ಲ. ನಮ್ಮಪ್ಪನಿಗಾದರೂ ಆರ್ಡರ್ ಬಂದ ಮೇಲೆ ಒಂದು ಬೀಳ್ಕೊಡುಗೆ ಸಮಾರಂಭ ಇರುತ್ತಿತ್ತು. ಶಾಲು, ಗಂಧದ ಹಾರ, ಹಣ್ಣಿನ ಬುಟ್ಟಿ, ಮ್ಯಾನೇಜರ್ ಭಾಷಣ. ಇಲ್ಲಿ ಮಧ್ಯಾಹ್ನ ಫೋನು ಬಂದರೆ ರಾತ್ರಿ ವಿಮಾನ.

ಈಗ ನನಗೆ ತುಂಬಾ ಇಷ್ಟವಾದ ಭಾಗಕ್ಕೆ ಬರುತ್ತೇನೆ.

2015ರ ಫೆಬ್ರವರಿ. ಒಕ್ಲಹೋಮ ಸಿಟಿ ಅವನನ್ನು ನ್ಯೂ ಓರ್ಲಿಯನ್ಸ್‌ಗೆ ಟ್ರೇಡ್ ಮಾಡಿತು. ನ್ಯೂ ಓರ್ಲಿಯನ್ಸ್ ಒಂದು ಪಂದ್ಯವನ್ನೂ ಆಡಿಸದೆ ಕೈಬಿಟ್ಟಿತು. ಹಾಗೆ ಕೈಬಿಟ್ಟವನನ್ನು ಫಿಲಡೆಲ್ಫಿಯಾ ಎತ್ತಿಕೊಂಡಿತು. ಆಗ ಫಿಲಡೆಲ್ಫಿಯಾ ಬೇಕಂತಲೇ ಸೋಲುತ್ತಿದ್ದ ಟೀಮು. ಸೋತಷ್ಟೂ ಡ್ರಾಫ್ಟಿನಲ್ಲಿ ಒಳ್ಳೆ ಹುಡುಗರು ಸಿಗುತ್ತಾರೆ ಅನ್ನುವ ಲೆಕ್ಕ. ಇಷ್ ಚೆನ್ನಾಗಿಯೇ ಆಡಿದ. ಆದರೂ ಬೇಸಿಗೆಯಲ್ಲಿ ಉಳಿಸಿಕೊಳ್ಳಲಿಲ್ಲ. ವಾಷಿಂಗ್ಟನ್‌ಗೆ ಹೋದ. ಸೀಸನ್ ಶುರುವಾಗುವ ಮುಂಚೆಯೇ ಅಲ್ಲಿಂದಲೂ ತೆಗೆದರು. ಆಗ ಮತ್ತೆ ಕರೆದದ್ದು ಯಾರು ಗೊತ್ತಾ? ಅದೇ ನ್ಯೂ ಓರ್ಲಿಯನ್ಸ್. ಅಲ್ಲಿ ಗಾಯಾಳುಗಳ ಸಾಲೇ ಇತ್ತು.

ಇತ್ತ ಫಿಲಡೆಲ್ಫಿಯಾ ಮೊದಲ 18 ಪಂದ್ಯ ಸತತ ಸೋತಿತು. ಕ್ರಿಸ್‌ಮಸ್ ಹೊತ್ತಿಗೆ 31 ಪಂದ್ಯದಲ್ಲಿ ಗೆಲುವು ಒಂದು. ಒಂದೇ ಒಂದು! ಆ ಟೀಮಿನಲ್ಲಿ ಇಬ್ಬರು ಎತ್ತರದ ಹುಡುಗರಿದ್ದರು, ನೆರ್ಲೆನ್ಸ್ ನೊಯೆಲ್ ಮತ್ತು ಜಹ್ಲಿಲ್ ಒಕಾಫರ್. ಅವರಿಗೆ ಸರಿಯಾದ ಹೊತ್ತಿಗೆ ಸರಿಯಾದ ಜಾಗದಲ್ಲಿ ಚೆಂಡು ಕೊಡುವವರೇ ಇರಲಿಲ್ಲ. ಬಡಿಸುವವನೇ ಇಲ್ಲದ ಪಂಕ್ತಿ. ಎಲೆ ಹಾಕಿದ್ದಾರೆ, ಜನ ಕೂತಿದ್ದಾರೆ, ಅನ್ನ ಬರುತ್ತಿಲ್ಲ.

ಡಿಸೆಂಬರ್ 24, ಕ್ರಿಸ್‌ಮಸ್ ಹಿಂದಿನ ದಿನ. ಬೇಸಿಗೆಯಲ್ಲಿ ಸುಮ್ನೆ ಬಿಟ್ಟು ಕಳಿಸಿದ್ದವನನ್ನು ಫಿಲಡೆಲ್ಫಿಯಾ ನ್ಯೂ ಓರ್ಲಿಯನ್ಸ್‌ಗೆ ಎರಡು ಸೆಕೆಂಡ್ ರೌಂಡ್ ಪಿಕ್, ಅಂದರೆ ಮುಂದಿನ ಡ್ರಾಫ್ಟುಗಳ ಎರಡನೇ ಸುತ್ತಿನಲ್ಲಿ ಹುಡುಗರನ್ನು ಆರಿಸುವ ಹಕ್ಕು, ಕೊಟ್ಟು ವಾಪಸ್ ತರಿಸಿಕೊಂಡಿತು. ಎರಡು ದಿನ ಬಿಟ್ಟು ಫೀನಿಕ್ಸ್‌ನಲ್ಲಿ ಪಂದ್ಯ. ಅದೂ ಅವನು ಹಿಂದೆ ಆಡಿದ್ದ ಊರೇ. ಫಿಲಡೆಲ್ಫಿಯಾ ಗೆದ್ದಿತು. ಆ ಸೀಸನ್ನಿನ ಎರಡನೇ ಗೆಲುವು.

ಸೀಸನ್ ಮುಗಿದಾಗ ಲೆಕ್ಕ 10 ಗೆಲುವು, 72 ಸೋಲು. ನಗಬೇಡಿ. ಅವನು ಬರುವ ಮುಂಚೆ 31ಕ್ಕೆ 1. ಬಂದ ಮೇಲೆ 51ಕ್ಕೆ 9. ಪಾಯಿಂಟ್ಸ್ ಟೇಬಲಿನಲ್ಲಿ ಇದಕ್ಕೆ ಬೆಲೆ ಇಲ್ಲ. ಆದರೆ ಬೇರೆ ಟೀಮಿನ ಕೋಚುಗಳು ಇಂಥದ್ದನ್ನೇ ಗಮನಿಸುತ್ತಿರುತ್ತಾರೆ. ಆ ಬೇಸಿಗೆಯಲ್ಲೇ ಡೆಟ್ರಾಯ್ಟ್ ಅವನಿಗೆ ಮೂರು ವರ್ಷಕ್ಕೆ 1 ಕೋಟಿ 80 ಲಕ್ಷ ಡಾಲರ್ ಕಾಂಟ್ರ್ಯಾಕ್ಟು ಕೊಟ್ಟಿತು. ಆರು ವರ್ಷ ಅಲೆದ ಮೇಲೆ ಮೊದಲ ಸಲ ಮೂರು ವರ್ಷ ಒಂದೇ ಊರು. ಗ್ಯಾಸ್ ಕನೆಕ್ಷನ್ ಟ್ರಾನ್ಸ್‌ಫರ್ ಮಾಡಿಸಿಕೊಳ್ಳುವಷ್ಟು ಸಮಯ!

ನಾನು ಹಾಕಿಕೊಂಡಿರುವ ಈ ಜೆರ್ಸಿ ಡೆಟ್ರಾಯ್ಟ್ ಪಿಸ್ಟನ್ಸ್‌ದು, ನಂಬರ್ 14. ಹಳೆ ಬಟ್ಟೆ ಅಂಗಡಿಯಲ್ಲಿ 8 ಡಾಲರಿಗೆ ಸಿಕ್ಕಿತು. ಬೆನ್ನ ಮೇಲೆ 'ಸ್ಮಿತ್' ಅನ್ನುವುದರ ಒಂದು ಅಕ್ಷರ ಅರ್ಧ ಕಿತ್ತು ಬಂದಿದೆ. ಫೆವಿಕ್ವಿಕ್ ಹಾಕಬೇಕು ಅಂತ ಆರು ತಿಂಗಳಿಂದ ಅಂದುಕೊಳ್ಳುತ್ತಿದ್ದೇನೆ.

ಡೆಟ್ರಾಯ್ಟ್‌ನಲ್ಲೂ ಅವನು ಮೊದಲ ಆಯ್ಕೆ ಅಲ್ಲ. ಮುಖ್ಯ ಪಾಯಿಂಟ್ ಗಾರ್ಡ್, ಅಂದರೆ ಚೆಂಡು ತಂದು ಆಟ ನಡೆಸುವವನು, ರೆಜಿ ಜಾಕ್ಸನ್. ಆದರೆ ಜಾಕ್ಸನ್‌ಗೆ ಗಾಯವಾಗಿದ್ದಾಗಲೆಲ್ಲ ಟೀಮು ನಡೆಸಿದ್ದು ಇವನು. ಬೆಂಚಿನಲ್ಲಿ ಕೂತು, ಕರೆದ ಕ್ಷಣಕ್ಕೆ ಎದ್ದು, ನಾಲ್ಕು ನಿಮಿಷದಲ್ಲಿ ಆಟ ಹಿಡಿಯುವುದು ಸುಲಭ ಅಲ್ಲ. ಮೈ ಬಿಸಿಯಾಗಿರುವುದಿಲ್ಲ. ಎದುರಾಳಿ ಆಗಲೇ ಲಯದಲ್ಲಿರುತ್ತಾನೆ. ಜೊತೆಗೆ ಟೀಮು ಹೊಸದಾದರೆ ಅದರ ಆಟದ ತಂತ್ರಗಳಿಗೆ ಇಟ್ಟ ಹೆಸರುಗಳೂ ಹೊಸವು. ಬೆರಳು ಎತ್ತಿದರೆ ಒಂದು ಕಡೆ ಒಂದರ್ಥ, ಇನ್ನೊಂದು ಕಡೆ ಇನ್ನೊಂದು. 13 ಸಲ ಅದನ್ನು ಬಾಯಿಪಾಠ ಮಾಡಿದ್ದಾನೆ. ನನಗೆ ಈ ಮನುಷ್ಯ ಇಷ್ಟವಾಗುವುದು ಇದಕ್ಕೇ. 13 ಟೀಮು ಬಿಟ್ಟವು ಅಂತ ಎಲ್ಲರೂ ಎಣಿಸುತ್ತಾರೆ. ನಾನು ತಿರುಗಿಸಿ ಎಣಿಸುತ್ತೇನೆ. 13 ಟೀಮು ಬೇಕು ಅಂದವು. ಕೆಲವು ಎರಡೆರಡು ಸಲ ಅಂದವು.

ಇದನ್ನು ಹೇಳುವಾಗ ನನ್ನದೂ ಸ್ವಲ್ಪ ಸ್ವಾರ್ಥ ಇದೆ, ಒಪ್ಪಿಕೊಳ್ಳುತ್ತೇನೆ. ನಾನೂ ಇಲ್ಲಿ ಕಾಂಟ್ರ್ಯಾಕ್ಟರ್. ಡಲ್ಲಸ್, ಕೊಲಂಬಸ್, ಈಗ ಶಾರ್ಲೆಟ್. ಹಿಂದಿನ ಕಂಪನಿಯಲ್ಲಿ ಗುರುವಾರ ಸಂಜೆ ಐದಕ್ಕೆ ಒಂದು ಕಾಲ್ ಬಂತು, ಶುಕ್ರವಾರ ಕೊನೆ ದಿನ ಅಂದರು. ಲ್ಯಾಪ್‌ಟಾಪ್ ವಾಪಸ್ ಕಳಿಸಲು ಖಾಲಿ ಡಬ್ಬ ಮಾತ್ರ ಬಹಳ ಬೇಗ ಮನೆಗೆ ಬಂತು.

ವಾಷಿಂಗ್ಟನ್‌ನಲ್ಲಿ ಎರಡು ವರ್ಷ ಆದ ಮೇಲೆ, 2021ರಲ್ಲಿ ಇಷ್ ಸ್ವಂತ ಊರಿನ ಶಾರ್ಲೆಟ್ ಹಾರ್ನೆಟ್ಸ್‌ಗೆ ಬಂದ. ಅಮ್ಮನ ಮನೆಗೆ ಬಂದ ಹಾಗೆ. ಸೀಸನ್ ಮುಗಿಯಲಿಲ್ಲ, ಫೆಬ್ರವರಿಯಲ್ಲಿ ಮತ್ತೆ ವಾಷಿಂಗ್ಟನ್‌ಗೆ ಟ್ರೇಡ್. ಆ ಬೇಸಿಗೆಯಲ್ಲಿ ಇನ್ನೊಂದು ಟ್ರೇಡ್, ಡೆನ್ವರ್. ಡೆನ್ವರ್‌ಗೆ ಬೇಕಿದ್ದದ್ದು ಮುಖ್ಯವಾಗಿ ಕೆಂಟೇವಿಯಸ್ ಕಾಲ್ಡ್‌ವೆಲ್-ಪೋಪ್. ಇವನು ಜೊತೆಗೆ ಬಂದವನು, ಕೊತ್ತಂಬರಿ ಸೊಪ್ಪಿನ ಜೊತೆ ಬರುವ ಕರಿಬೇವಿನ ಹಾಗೆ. ಅಲ್ಲಿ ಅಂಕಣಕ್ಕಿಳಿದಾಗ 13ನೇ ಟೀಮು ಆಯಿತು. ಅಲ್ಲಿಯವರೆಗೆ ದಾಖಲೆ 12, ಇವನ ಜೊತೆ ಇನ್ನೂ ನಾಲ್ಕು ಜನ ಹಂಚಿಕೊಂಡಿದ್ದರು: ಚಕ್ಕಿ ಬ್ರೌನ್, ಜಿಮ್ ಜಾಕ್ಸನ್, ಟೋನಿ ಮ್ಯಾಸೆನ್‌ಬರ್ಗ್, ಜೋ ಸ್ಮಿತ್.

ಡೆನ್ವರ್‌ನ ಆ ವರ್ಷದ ಬೆಂಚು ನೋಡಬೇಕು ನೀವು. ಜೆಫ್ ಗ್ರೀನ್ ಇದ್ದ. 2012ರಲ್ಲಿ ಹೃದಯದ ಆಪರೇಷನ್ ಮಾಡಿಸಿಕೊಂಡು ಮತ್ತೆ ಆಟಕ್ಕೆ ಬಂದವನು, ಅವನಿಗದು 11ನೇ ಟೀಮು. ಸೀಸನ್ ಮಧ್ಯದಲ್ಲಿ ಇನ್ನೊಬ್ಬ ಬಂದು ಕೂತ. ರೆಜಿ ಜಾಕ್ಸನ್! ಡೆಟ್ರಾಯ್ಟ್‌ನಲ್ಲಿ ಯಾರ ಜಾಗಕ್ಕೆ ಇಷ್ ಎದ್ದು ಹೋಗುತ್ತಿದ್ದನೋ ಅವನೇ. ಈಗ ಇಬ್ಬರೂ ಒಂದೇ ಬೆಂಚು. ಅಂಕಣದಲ್ಲಿ ನಿಕೋಲಾ ಯೋಕಿಚ್ ಮತ್ತು ಜಮಾಲ್ ಮರ್ರೆ ಎಲ್ಲರನ್ನೂ ಬಡಿದು ಹಾಕುತ್ತಿದ್ದರು. ಪ್ಲೇಆಫ್‌ನಲ್ಲಿ ಇಷ್ ಆಡಿದ್ದು ಬೆರಳೆಣಿಕೆಯಷ್ಟು ನಿಮಿಷ.

2023ರ ಜೂನ್ 12. ಮಯಾಮಿ ಎದುರು ಫೈನಲ್ಸ್‌ನ ಐದನೇ ಪಂದ್ಯ, 94-89. ಡೆನ್ವರ್‌ಗೆ ಮೊದಲ ಚಾಂಪಿಯನ್‌ಷಿಪ್. ಇಷ್ ಸ್ಮಿತ್‌ಗೂ, 34ನೇ ವಯಸ್ಸಿನಲ್ಲಿ.

ಆ ಪಂದ್ಯ ನಾನು ಲೈವ್ ನೋಡಿದ್ದೆ. ಆಮೇಲಿನದು ಮಾತ್ರ ಬಹಳ ಜನಕ್ಕೆ ಗೊತ್ತಿಲ್ಲ. ಮುಂದಿನ ಸೀಸನ್ ಶುರುವಾದಾಗ ಚಾಂಪಿಯನ್ ಇಷ್ ಸ್ಮಿತ್ ಕೈಯಲ್ಲಿ ಕಾಂಟ್ರ್ಯಾಕ್ಟು ಇರಲಿಲ್ಲ. ಸೀಸನ್ ಶುರುವಾದ ಮೇಲೆ ಕರೆದವರು ಶಾರ್ಲೆಟ್. ಸ್ವಂತ ಊರು, ಎರಡನೇ ಸಲ. 2023-24ರಲ್ಲಿ ಆಡಿದ್ದು ಇಲ್ಲೇ.

ಈ ಕೊನೆಯ ಕ್ಲಿಪ್ ನಿನ್ನೆ ರಾತ್ರಿಯದು. ಅಪ್ಪನ ಜೊತೆ ವಿಡಿಯೋ ಕಾಲ್. ಹಾಸನದಲ್ಲಿ ಆಗ ಬೆಳಿಗ್ಗೆ, ಅವರ ಕೈಯಲ್ಲಿ ಕಾಫಿ. ನಾನು ಇದೇ ಕಥೆ ಪೂರ್ತಿ ಹೇಳಿದೆ. ಅವರು ಸುಮ್ಮನೆ ಕೇಳಿಸಿಕೊಂಡರು. ಯೋಕಿಚ್ ಬಗ್ಗೆ ಕೇಳಲಿಲ್ಲ, ಚಾಂಪಿಯನ್ನರಿಗೆ ಕೊಡುವ ಉಂಗುರದ ಬಗ್ಗೆಯೂ ಕೇಳಲಿಲ್ಲ. ಲೋಟ ಕೆಳಗಿಟ್ಟು ಕೇಳಿದ್ದು ಇಷ್ಟು:

"13 ಊರಾ! ಅಲ್ಲಪ್ಪಾ, ಸಾಮಾನು ಸಾಗಿಸೋ ಖರ್ಚು ಯಾರು ಕೊಡ್ತಾರೆ?"

"ಟ್ರೇಡ್ ಆದರೆ ಹೊಸ ಟೀಮೇ ಕೊಡುತ್ತೆ ಅಪ್ಪಾ. ಸ್ವಲ್ಪ ದಿನ ಹೋಟೆಲ್ ಖರ್ಚೂ ಕೊಡ್ತಾರೆ."

"ಹಂಗಾದ್ರೆ ಪರವಾಗಿಲ್ಲ" ಅಂದರು. ಆಮೇಲೆ ಕ್ಯಾಮೆರಾ ಹತ್ತಿರ ಬಗ್ಗಿ, "ಆ ಟ್ರಂಕು ಒಳಗಿಟ್ಟಿದೀಯಾ? ತೇವಕ್ಕೆ ತುಕ್ಕು ಹಿಡಿಯುತ್ತೆ ನೋಡು."