ವೂಡಾಂಗ್ ಬೆಟ್ಟವನ್ನು ನಡೆದೇ ಹತ್ತಿ

ಕೇಳುಗರಿಗೆಲ್ಲ ನಮಸ್ಕಾರ. ಚೀನಾದ ವೂಡಾಂಗ್ ಬೆಟ್ಟದ ಬಗ್ಗೆ ಮಾತಾಡಿ ಅಂತ ನಿಲಯದವರು ಕರೆದಿದ್ದಾರೆ. ಹಳೇ ಕಟ್ಟಡಗಳ ಪಾಠ ಹೇಳಿಕೊಂಡು ಬಂದವನು ನಾನು. ಈ ಬೆಟ್ಟದ ಸುದ್ದಿ ಎತ್ತಿದರೆ ಇಡೀ ದಿನ ಮಾತಾಡಬಲ್ಲೆ, ಆದರೆ ಇರುವುದು ಹತ್ತೇ ನಿಮಿಷ. ಹಾಗಾಗಿ ಒಂದೇ ಮಾತು ಹೇಳುತ್ತೇನೆ. ಅಲ್ಲಿಗೆ ಹೋದರೆ ನಡೆದೇ ಹತ್ತಿ. ಕೇಬಲ್ ಕಾರ್ ಬೇಡ.

ವೂಡಾಂಗ್ ಇರುವುದು ಹುಬೇ ಪ್ರಾಂತ್ಯದಲ್ಲಿ. ವುಹಾನ್ ಊರಿಂದ ಬುಲೆಟ್ ರೈಲಿದೆ, ವೂಡಾಂಗ್‌ಶಾನ್ ವೆಸ್ಟ್ ಅನ್ನುವ ಸ್ಟೇಷನ್ನಿನಲ್ಲಿ ಇಳಿಯಬೇಕು. ಚೀನಾದಲ್ಲೇ ಹುಟ್ಟಿದ ತಾವೋ ಧರ್ಮದವರಿಗೆ ಇದು ದೊಡ್ಡ ಕ್ಷೇತ್ರ. 1994ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ತುದಿಯ ಎತ್ತರ 1612 ಮೀಟರ್, ಅಷ್ಟೇ. ಗಾಳಿ ತೆಳುವಾಗಿ ತಲೆಸುತ್ತು ಬರುವ ಎತ್ತರ ಅಲ್ಲ, ಆ ಭಯ ಬಿಟ್ಟುಬಿಡಿ.

ತುದಿಯಲ್ಲಿ ಒಂದು ಬಂಗಾರದ ಗುಡಿ ಇದೆ. 1416ರಲ್ಲಿ ನಿಲ್ಲಿಸಿದ್ದು. ಕೇಬಲ್ ಕಾರಿನಲ್ಲಿ ಬಂದವರು ಅದರ ಮುಂದೆ ನಿಂತು, ಇಷ್ಟೇನಾ ಅಂತಾರೆ. ನಾನು ಕಿವಿಯಾರೆ ಕೇಳಿದ್ದೇನೆ. ಅಗಲ ನಾಲ್ಕೂವರೆ ಮೀಟರೂ ಇಲ್ಲ, ಎತ್ತರ ಐದೂವರೆ ಮೀಟರ್. ಇಷ್ಟು ಚಿಕ್ಕದಕ್ಕೆ ಇಷ್ಟು ದೂರ ಬರಬೇಕಿತ್ತಾ ಅಂತ ಅವರಿಗೆ ಅನ್ನಿಸುತ್ತದೆ. ಅನ್ನಿಸದೆ ಇನ್ನೇನು? ಅವರು ನೋಡಿದ್ದು ದೇವಸ್ಥಾನ ಅಲ್ಲ, ದೇವಸ್ಥಾನದ ಕೊನೇ ಕೋಣೆ. ವೂಡಾಂಗ್‌ನಲ್ಲಿ ಬೆಟ್ಟದ ಬುಡದಿಂದಲೇ ದೇವಸ್ಥಾನ ಶುರು. ದಾರಿಯೇ ದೇವಸ್ಥಾನ. ಹರಿಕಥೆಗೆ ಮಂಗಳಾರತಿ ಹೊತ್ತಿಗೆ ಹೋಗಿ ಪ್ರಸಾದ ತಗೊಂಡು ಬಂದವರಿಗೆ ಕಥೆ ಏನು ಗೊತ್ತಾದೀತು, ಹೇಳಿ.

ಕಥೆ ಅಂದೆನಲ್ಲ, ನಿಜಕ್ಕೂ ಅಲ್ಲೊಂದು ಕಥೆ ಇದೆ. ಆ ಬೆಟ್ಟದ ದೇವರು ಝೆನ್‌ವೂ. ಉತ್ತರ ದಿಕ್ಕಿನ ಒಡೆಯ. ಬರಿಗಾಲು, ಬಿಚ್ಚಿದ ಕೂದಲು, ಜೊತೆಗೆ ಒಂದು ಆಮೆ, ಅದಕ್ಕೆ ಸುತ್ತಿಕೊಂಡ ಹಾವು. ಅವನು ಮೊದಲು ಜಿಂಗ್‌ಲ ಅನ್ನುವ ರಾಜ್ಯದ ರಾಜಕುಮಾರ. ಹದಿನೈದನೇ ವಯಸ್ಸಿಗೆ ಮನೆ ಬಿಟ್ಟು ಈ ಬೆಟ್ಟಕ್ಕೆ ಬಂದ. ಸ್ವಲ್ಪ ಕಾಲ ತಪಸ್ಸು ಮಾಡಿದ, ಬೇಜಾರಾಯಿತು, ಊರಿಗೆ ಹೊರಟ. ದಾರಿಯಲ್ಲಿ ಒಬ್ಬ ಮುದುಕಿ ಬಾವಿಯ ಪಕ್ಕ ಕೂತು ಕಬ್ಬಿಣದ ಹಾರೆಯನ್ನು ಕಲ್ಲಿಗೆ ತಿಕ್ಕುತ್ತಿದ್ದಳು. ಏನಜ್ಜೀ ಇದು ಅಂದರೆ, ಸೂಜಿ ಮಾಡುತ್ತಿದ್ದೇನೆ ಅಂದಳು. ಅವನು ಅಲ್ಲಿಂದಲೇ ಹಿಂದಕ್ಕೆ ತಿರುಗಿದ. ಆಮೇಲೆ 42 ವರ್ಷ ತಪಸ್ಸು ಮಾಡಿ, ನಾನ್‌ಯಾನ್ ಅನ್ನುವ ಬಂಡೆಯ ಮೇಲಿಂದ ಆಕಾಶಕ್ಕೆ ಏರಿದ.

ಈಗ ದಾರಿ ನೋಡಿ. ಹಿಂದೆ ಕೆಳಗೆ, ದಾರಿ ಶುರುವಾಗುವಲ್ಲಿ, ಜಿಂಗ್‌ಲ ಅರಮನೆಯ ಹೆಸರಲ್ಲೇ ಒಂದು ದೇವಾಲಯ ಇತ್ತು. ಮೇಲಕ್ಕೆ ಬಂದರೆ ಸೂಜಿ ತಿಕ್ಕಿದ ಬಾವಿ. ಇನ್ನೂ ಮೇಲೆ, ರಾಜಕುಮಾರ ಓದಿದ ಜಾಗ ಅಂತ ಒಂದು ಮಠ. ಅದರ ಬಾಗಿಲೊಳಗೆ ಕಾಲಿಟ್ಟರೆ ಎರಡೂ ಕಡೆ ಕೆಂಪು ಗೋಡೆ ಅಲೆ ಅಲೆಯಾಗಿ ಬಳುಕುತ್ತಾ ನಮ್ಮನ್ನು ಕರೆದುಕೊಂಡು ಹೋಗುತ್ತದೆ. ಆಮೇಲೆ ಝಿಶಿಯಾವ್ ದೇವಾಲಯ, ಆಮೇಲೆ ನಾನ್‌ಯಾನ್. ಕೊನೆಗೆ ತುದಿಯಲ್ಲಿ ಅವನು ದೇವರಾಗಿ ಕೂತಿದ್ದಾನೆ. ಅವನ ಬಾಳು ಸಾಗಿದ ಹಾಗೆಯೇ ದಾರಿಯೂ ಸಾಗುತ್ತದೆ. ಭಕ್ತರು ಅವನ ಹೆಜ್ಜೆಯಲ್ಲೇ ಹೆಜ್ಜೆ ಇಡಲಿ ಅಂತ ಕಟ್ಟಿದ್ದು ಇದು.

ಕಟ್ಟಿಸಿದವನು ಮಿಂಗ್ ಮನೆತನದ ಚಕ್ರವರ್ತಿ ಯೊಂಗ್‌ಲ. 1402ರಲ್ಲಿ ಅಣ್ಣನ ಮಗನನ್ನು ಇಳಿಸಿ ತಾನು ಗದ್ದುಗೆ ಏರಿದವನು. ಉತ್ತರದಿಂದ ದಂಡೆತ್ತಿ ಬಂದವನು, ಉತ್ತರದ ದೇವರೇ ನನ್ನನ್ನು ಗೆಲ್ಲಿಸಿದ ಅಂದ. ಜನರ ಬಾಯಿ ಮುಚ್ಚಿಸಲು ಇದಕ್ಕಿಂತ ದೊಡ್ಡ ಮಾತು ಬೇಕಾ? 1412ರಲ್ಲಿ ಕೆಲಸ ಶುರು ಮಾಡಿಸಿದ. ಲಕ್ಷಗಟ್ಟಲೆ ಕೂಲಿಗಳು, ಸೈನಿಕರು, ಹತ್ತು ವರ್ಷದ ಮೇಲೆ ದುಡಿದರು. ಅದೇ ಹೊತ್ತಿಗೆ ಬೀಜಿಂಗ್‌ನಲ್ಲಿ ಅವನ ಅರಮನೆಯೂ ಏಳುತ್ತಿತ್ತು. ನನಗೆ ತುಂಬಾ ಇಷ್ಟವಾದ ಒಂದು ವಿಷಯ ಹೇಳಲೇಬೇಕು. 1419ರಲ್ಲಿ ತುದಿಯ ಸುತ್ತ ಗೋಡೆ ಕಟ್ಟಿಸುವಾಗ ಅವನು ಕೊಟ್ಟ ಅಪ್ಪಣೆ ಉಳಿದುಬಂದಿದೆ. ಬೆಟ್ಟವನ್ನು ಒಂಚೂರೂ ಕಡಿಯಬೇಡಿ, ನೆಲ ಹೇಗಿದೆಯೋ ಗೋಡೆ ಹಾಗೇ ಹೋಗಲಿ, ಎತ್ತರದ ಲೆಕ್ಕ ಬೇಡ, ಮನುಷ್ಯ ದಾಟಲಾಗದಿದ್ದರೆ ಸಾಕು. ಅಂಥ ಚಕ್ರವರ್ತಿ ಬೆಟ್ಟಕ್ಕೆ ಕೈ ಹಚ್ಚಬೇಡಿ ಅಂದ. ಅದಕ್ಕೇ ಅಲ್ಲಿ ಮೆಟ್ಟಿಲು ನೆಟ್ಟಗೆ ಹೋಗುವುದಿಲ್ಲ. ಬಂಡೆ ಬಳಸಿ, ಇಳಿದು, ಮತ್ತೆ ಏರುತ್ತದೆ. ಹತ್ತಿದವರಿಗೆ ಮಾತ್ರ ಗೊತ್ತಾಗುವ ವಿಷಯ ಇದು.

ನಾನ್‌ಯಾನ್ ಬಗ್ಗೆ ಎರಡು ಮಾತು. ಅಲ್ಲಿ ಕಡಿದಾದ ಬಂಡೆಗೆ ಅಂಟಿಕೊಂಡ ಕಲ್ಲಿನ ಗುಡಿ ಇದೆ. ಅದರ ಮುಂದೆ ಡ್ರ್ಯಾಗನ್ ಆಕಾರದ ಒಂದು ಕಲ್ಲಿನ ದೂಲ ಪ್ರಪಾತದ ಮೇಲೆ ಚಾಚಿಕೊಂಡಿದೆ, ಮೂರು ಮೀಟರಿನಷ್ಟು. ಅದರ ತಲೆಯ ಮೇಲೆ ಧೂಪದ ಬಟ್ಟಲು. ಮುಖ ತುದಿಯ ಬಂಗಾರದ ಗುಡಿಯ ಕಡೆಗೆ. ಭಕ್ತರು ಅದರ ಮೇಲೆ ತೆವಳಿಕೊಂಡು ಹೋಗಿ ಊದುಬತ್ತಿ ಹಚ್ಚುತ್ತಿದ್ದರು. ಎಷ್ಟೋ ಜನ ಬಿದ್ದು ಸತ್ತರು. 1673ರಲ್ಲಿ ಕಲ್ಲಿನ ಮೇಲೆ ಆಜ್ಞೆ ಕೆತ್ತಿಸಿ ಅದನ್ನು ನಿಲ್ಲಿಸಿದರು. ಈಗ ಬೇಲಿಯ ಈಚೆ ನಿಂತು ನೋಡಬಹುದು.

ನಾನ್‌ಯಾನ್‌ನಿಂದ ತುದಿಗೆ ನಡೆಯುವ ದಾರಿಯಲ್ಲಿ ನಾನು ಕಂಡ ಒಬ್ಬ ಅಜ್ಜಿಯ ವಿಷಯ ಹೇಳಬೇಕು. ನನ್ನ ಜೊತೆ ಒಬ್ಬ ಹುಡುಗ ಗೈಡ್ ಇದ್ದ, ಇಂಗ್ಲಿಷ್ ಬಲ್ಲವನು. ಚಾವ್‌ಥಿಯನ್ ಅನ್ನುವ ಗುಡಿಯ ಹತ್ತಿರ ದಾರಿ ಕವಲೊಡೆಯುತ್ತದೆ. ಒಂದು ಆಮೇಲೆ ಮಾಡಿದ ಹತ್ತಿರದ ದಾರಿ. ಇನ್ನೊಂದು ಮಿಂಗ್ ಕಾಲದ್ದು, ಸ್ವರ್ಗದ ಬಾಗಿಲು ಅನ್ನುವ ಮೂರು ಕಲ್ಲಿನ ಬಾಗಿಲು ದಾಟಿ ಹೋಗುವಂಥದ್ದು, ದೂರ, ಕಡಿದು. ಹುಡುಗ ಹತ್ತಿರದ ದಾರಿಗೆ ಎಳೆಯುತ್ತಿದ್ದ, ನಾನು ಹಳೆಯದಕ್ಕೆ. ಅಷ್ಟರಲ್ಲಿ ಹಳ್ಳಿಯ ಹೆಂಗಸರ ಗುಂಪೊಂದು ಬಂತು, ಹಳದಿ ಚೀಲ ನೇತುಹಾಕಿಕೊಂಡು. ಒಬ್ಬರೂ ನಿಲ್ಲಲಿಲ್ಲ, ಒಬ್ಬರನ್ನೊಬ್ಬರು ಕೇಳಲಿಲ್ಲ, ಸೀದಾ ಹಳೇ ದಾರಿಗೇ ತಿರುಗಿದರು. ನಾವೂ ಹಿಂದೆ ಹೋದೆವು.

ಅವರಲ್ಲಿ ಕೊನೆಯವಳು ಈ ಅಜ್ಜಿ. ಎಪ್ಪತ್ತು ದಾಟಿರಬೇಕು. ಮೆಟ್ಟಿಲನ್ನು ನೇರ ಹತ್ತುತ್ತಿರಲಿಲ್ಲ. ಎಡಕ್ಕೆ ನಾಲ್ಕು, ಬಲಕ್ಕೆ ನಾಲ್ಕು, ಓರೆಯಾಗಿ ಹಾವಿನ ಹಾಗೆ ಹತ್ತುತ್ತಿದ್ದಳು. ಪಾದ ಪೂರ್ತಿ ಕಲ್ಲಿನ ಮೇಲೆ ಕೂರಬೇಕು, ಹಿಮ್ಮಡಿ ಗಾಳಿಯಲ್ಲಿ ಇರಬಾರದು, ಅದು ಗುಟ್ಟು. ಕೂಲಿಗಳೂ ಹಾಗೇ ಹತ್ತುವುದು, ಹೆಗಲ ಮೇಲೆ ಅಡ್ಡೆ ಹೊತ್ತು. ನಾನು ಅವಳನ್ನು ನೋಡಿ ಹಾಗೇ ಹತ್ತಿದೆ. ಮಂಡಿ ನೋವು ಇರುವವರು ಗಮನಿಸಿ, ಇದು ನಿಜಕ್ಕೂ ಕೆಲಸ ಮಾಡುತ್ತದೆ. ದಾರಿಯ ಪಕ್ಕ ಸಣ್ಣ ಗೂಡು ಕಂಡರೂ ನಿಲ್ಲುವಳು, ಊದುಬತ್ತಿ ಇಟ್ಟು ಕೈ ಮುಗಿಯುವಳು. ಎರಡನೇ ಬಾಗಿಲ ಹತ್ತಿರ ಕೂತಾಗ ಚೀಲದಿಂದ ಆವಿಯಲ್ಲಿ ಬೇಯಿಸಿದ ಬನ್ ತೆಗೆದು ನಮಗೂ ಕೊಟ್ಟಳು, ತಣ್ಣಗಿತ್ತು, ಒಳಗೆ ಏನೂ ಇರಲಿಲ್ಲ, ಆ ಹಸಿವಿಗೆ ಅಮೃತ. ಕೇಬಲ್ ಕಾರ್ ಇದೆಯಲ್ಲ ಅಜ್ಜೀ ಅಂತ ಹುಡುಗ ಕೇಳಿದ. ಇದೆ, ನಮ್ಮ ಊರಿನವರು ಈ ಬಾಗಿಲು ದಾಟಿಯೇ ಬರುವುದು ಅಂದಳು. ಅಷ್ಟೇ. ಭಾಷಣ ಇಲ್ಲ, ಎದ್ದು ಹೊರಟಳು.

ಮೇಲೆ ಹೋದ ಮೇಲೂ ಅವಳು ಮೊದಲು ಬಂಗಾರದ ಗುಡಿಗೆ ಹೋಗಲಿಲ್ಲ. ಸ್ವಲ್ಪ ಕೆಳಗೇ ಇನ್ನೊಂದು ಕಂಚಿನ ಗುಡಿ ಇದೆ, ಇನ್ನೂ ಹಳೆಯದು, 1307ರದ್ದು. ಮೊದಲು ತುದಿಯಲ್ಲಿ ಇದ್ದದ್ದು ಅದೇ. ಯೊಂಗ್‌ಲನಿಗೆ ಅದು ಸಾಲದಾಯಿತು, ಕೆಳಗಿಳಿಸಿ ಇಟ್ಟರು. ಚಕ್ರವರ್ತಿಯ ದುಡ್ಡಲ್ಲ, ಜನರ ಚಂದಾ, ಕೊಟ್ಟವರ ಹೆಸರು ಲೋಹದ ಮೇಲೇ ಇದೆ. ಈಗ ಅದರ ಸುತ್ತ ಇಟ್ಟಿಗೆ ಗೋಡೆ, ನಡುವೆ ಒಬ್ಬರು ಓರೆಯಾಗಿ ನುಸುಳುವಷ್ಟು ಸಂದು, ಕತ್ತಲೆ. ಒಂದು ಸುತ್ತು ನುಸುಳಿ ಬಂದರೆ ಅದೃಷ್ಟ ತಿರುಗುತ್ತದೆ ಅಂತ ನಂಬಿಕೆ. ಅಜ್ಜಿ ನುಗ್ಗಿದಳು, ಹಳದಿ ಚೀಲ ಸಿಕ್ಕಿಕೊಂಡಿತು, ಹಿಂದಿದ್ದವರು ತಳ್ಳಿದರು, ಎಲ್ಲರೂ ನಗುತ್ತಾ ಆಚೆ ಬಂದರು. ಆ ಗುಡಿಯನ್ನು ಕೇಬಲ್ ಕಾರಿನವರಲ್ಲಿ ಎಷ್ಟೋ ಜನ ನೋಡುವುದೇ ಇಲ್ಲ.

ಸಮಯ ಮುಗಿಯುತ್ತಾ ಬಂತು ಅಂತ ಸನ್ನೆ ಮಾಡುತ್ತಿದ್ದಾರೆ. ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ. ಬಂಗಾರದ ಗುಡಿಯಲ್ಲಿ ಮರ ಇಲ್ಲ, ಪೂರ್ತಿ ಕಂಚು, ಮೇಲೆ ಚಿನ್ನದ ಲೇಪ. ಹೆಂಚು, ಕಂಬ, ಬಾಗಿಲಿನ ಜಾಲರಿ ಎಲ್ಲ ಮರಗೆಲಸದ ಹಾಗೇ ಎರಕ ಹೊಯ್ದಿದ್ದಾರೆ. ಬೀಜಿಂಗ್‌ನಲ್ಲಿ ಬಿಡಿಬಿಡಿಯಾಗಿ ಎರಕ ಹೊಯ್ದು, ಕಾಲುವೆ, ನದಿಗಳಲ್ಲಿ ದೋಣಿಯ ಮೇಲೆ ತಂದು, ಬೆಟ್ಟಕ್ಕೆ ಹೊತ್ತು ಜೋಡಿಸಿದರು. ಸಂದು ಎಷ್ಟು ಬಿಗಿ ಅಂದರೆ ಹೊರಗೆ ಗಾಳಿ ಬೀಸುತ್ತಿದ್ದರೂ ಒಳಗಿನ ದೀಪ ಅಲ್ಲಾಡುವುದಿಲ್ಲ ಅನ್ನುತ್ತಾರೆ. ಬೆರಳಿಂದ ಮುಟ್ಟಬೇಡಿ, ಕಣ್ಣಿಟ್ಟು ನೋಡಿ.

ವೂಡಾಂಗ್ ಕುಂಗ್‌ಫುಗೂ ಹೆಸರುವಾಸಿ, ಅದನ್ನು ನೋಡಲು ಮಾತ್ರ ಹೋಗುತ್ತೇವೆ ಅನ್ನುವವರು ಇದ್ದಾರೆ. ನೋಡಿ, ಬೇಡ ಅನ್ನುವುದಿಲ್ಲ. ಆದರೆ ಅದಷ್ಟೇ ನೋಡಿ ಬಂದರೆ ನನಗೆ ಬೇಸರ. ಊಟದ ಚಿಂತೆ ಬೇಡ, ಅಲ್ಲಿನ ಸನ್ಯಾಸಿಗಳು ಮಾಂಸ ತಿನ್ನುವುದಿಲ್ಲ, ಮಠದ ಅಡುಗೆ ಸಸ್ಯಾಹಾರ. ಚೀನೀ ಪಂಚಾಂಗದ ಮೂರನೇ ತಿಂಗಳ ಮೂರನೇ ದಿನ ದೇವರ ಹುಟ್ಟುಹಬ್ಬ, ಆಗ ಜನ ಜಾತ್ರೆ. ಮಳೆಯಲ್ಲಿ ಕಲ್ಲು ಜಾರುತ್ತದೆ, ಒಳ್ಳೇ ಶೂ ಹಾಕಿಕೊಳ್ಳಿ.

ಬಸ್ಸು ನಾನ್‌ಯಾನ್ ಹತ್ತಿರದವರೆಗೂ ಹೋಗುತ್ತದೆ, ದಾರಿಯಲ್ಲಿ ಅಲ್ಲಲ್ಲಿ ಬಸ್ಸಿಳಿದು ಉಳಿದ ದೇವಾಲಯಗಳನ್ನು ನೋಡಿ, ಮತ್ತೆ ಬಸ್ಸು ಹತ್ತಿ. ನಾನ್‌ಯಾನ್‌ನಿಂದ ಮಾತ್ರ ನಡೆಯಿರಿ. ಬೆಳಿಗ್ಗೆ ಬೇಗ ಹೊರಡಿ, ಮೂರು ಗಂಟೆ ಇಟ್ಟುಕೊಳ್ಳಿ, ಜಾಸ್ತಿ ಹಿಡಿದರೂ ಪರವಾಗಿಲ್ಲ. ಚಾವ್‌ಥಿಯನ್ ಗುಡಿಯ ಹತ್ತಿರ ಕವಲು ಬರುತ್ತದಲ್ಲ, ಅಲ್ಲಿ ಮೂರು ಬಾಗಿಲಿನ ದಾರಿ ಹಿಡಿಯಿರಿ. ಕಾಲು ಸೋತಿದ್ದರೆ ಇಳಿಯುವಾಗ ಕೇಬಲ್ ಕಾರಿನಲ್ಲಿ ಇಳಿಯಿರಿ. ಹತ್ತುವಾಗ ಬೇಡ. ನಮಸ್ಕಾರ.