ಕಾವಲಿಗೂ ಬಿಡುವು ಬೇಕು

ದನ-ಕುರಿ ಸಾಕುವ ಎಲ್ಲ ಕೇಳುಗರಿಗೂ ನಮಸ್ಕಾರ. ನಿಮ್ಮೂರಿನ ಗೋಮಾಳ, ಕಾವಲು, ಅಂದರೆ ದನ ಮೇಯುವ ಹುಲ್ಲುಗಾವಲುಗಳ ಬಗ್ಗೆ ನಾಲ್ಕು ಮಾತಾಡಲು ಬಂದಿದ್ದೇನೆ. ನಾಲ್ಕೇಕೆ, ಒಂದೇ ಮಾತು: ದನ ಮೇಯಲಿ, ಹುಲ್ಲಿಗೆ ಬಿಡುವೂ ಸಿಗಲಿ.

ಮೈಸೂರು ಅರಸರ ಕಾಲದಲ್ಲಿ ಅಮೃತಮಹಲ್ ತಳಿಯ ದನಗಳಿಗೆ ಮಳೆಗಾಲದ ಕಾವಲು ಬೇರೆ, ಚಳಿಗಾಲದ್ದು ಬೇರೆ, ಬೇಸಿಗೆಯದು ಬೇರೆ ಇತ್ತು. ಹಿಂಡು ಮುಂದಕ್ಕೆ ಹೋದರೆ ಹಿಂದಿನ ಕಾವಲು ತಿಂಗಳುಗಟ್ಟಲೆ ಸುಧಾರಿಸಿಕೊಳ್ಳುತ್ತಿತ್ತು.

ಕಡೂರು ಸೀಮೆಯಲ್ಲಿ ಒಮ್ಮೆ ದನ ಕಾಯುವ ಅಜ್ಜರೊಬ್ಬರು ಸಿಕ್ಕಿದ್ದರು. ದನ ಮೇಯಿಸಿ ಬಿಡುವು ಕೊಟ್ಟ ಕಾವಲಿನಲ್ಲಿ ನಾನು ನಿಂತುಕೊಂಡೇ ಹುಲ್ಲು ನೋಡುತ್ತಿದ್ದೆ. "ಕೂತ್ಕಂಡು ನೋಡಿ ಸ್ವಾಮಿ" ಅಂದರು. ಹೆಗಲ ಮೇಲಿದ್ದ ಹಗ್ಗವನ್ನು ಕುಣಿಕೆ ಮಾಡಿ ನೆಲದ ಮೇಲೆ ಇಟ್ಟು, ಅದರೊಳಗೆ ಎಷ್ಟು ಜಾತಿ ಗಿಡ ಇವೆ ಎಣಿಸಿ ಅಂದರು. ಗರಿಕೆ, ತುಂಬೆ, ನೆಗ್ಗಿಲು, ನೀಲಿ ಹೂವಿನ ವಿಷ್ಣುಕ್ರಾಂತಿ, ಹೆಸರೇ ಗೊತ್ತಿಲ್ಲದ ಪುಟ್ಟ ಬಳ್ಳಿಗಳು. ಎರಡೂ ಕೈಯ ಬೆರಳು ಮುಗಿದವು. ಆಮೇಲೆ ಪಕ್ಕದಲ್ಲೇ ವರ್ಷಗಟ್ಟಲೆ ಬೇಲಿ ಹಾಕಿ ದನ ಬಿಡದಿದ್ದ ಜಾಗಕ್ಕೆ ಕರೆದೊಯ್ದು ಅದೇ ಕುಣಿಕೆ ಇಟ್ಟರು. ಎದೆಮಟ್ಟ ಒಣಹುಲ್ಲು, ಬುಡದಲ್ಲಿ ಕತ್ತಲೆ. ಒಂದು ಕೈಯ ಬೆರಳೂ ಮುಗಿಯಲಿಲ್ಲ! ಕೊನೆಗೆ ಊರ ಬಾಗಿಲಿನ ಗೋಮಾಳ. ಅಲ್ಲಿ ದನ ದಿನಾ ಮೇಯುತ್ತವೆ, ವರ್ಷವಿಡೀ ಮೇಯುತ್ತವೆ. ಉಳಿದಿದ್ದು ದನ ಮೂಸಿಯೂ ನೋಡದ ತಂಗಡಿ, ಪಾರ್ಥೇನಿಯಂ.

ನೋಡಿ, ದನ ಎತ್ತರದ ಹುಲ್ಲನ್ನು ಕಚ್ಚಿದರೆ ಬುಡಕ್ಕೆ ಬಿಸಿಲು ಬೀಳುತ್ತದೆ, ಸಣ್ಣ ಗಿಡಗಳು ಏಳುತ್ತವೆ. ಹುಲ್ಲು ಬೆಳೆಯುವ ಜಾಗ ನೆಲದ ಹತ್ತಿರವೇ ಇರುವುದರಿಂದ ಅದೂ ಮತ್ತೆ ಚಿಗುರುತ್ತದೆ. ಆದರೆ ಚಿಗುರಿದ್ದನ್ನು ಚಿಗುರಿದಂತೆಲ್ಲ ಕಚ್ಚಿದರೆ ಬೇರು ಸೊರಗುತ್ತದೆ. ರುಚಿಯಾದ ಹುಲ್ಲೇ ಮೊದಲು ಸಾಯುತ್ತದೆ. ಅದಕ್ಕೇ ಬಿಡುವು ಬೇಕು ಅನ್ನುತ್ತಿದ್ದೇನೆ.

ಕಾವಲನ್ನು ಪಾಳುಭೂಮಿ ಎಂದು ಕರೆದು ನೀಲಗಿರಿ, ಅಕೇಶಿಯಾ ನೆಡಲು ಬರುವವರಿಗೆ ದಯವಿಟ್ಟು ಬೇಡ ಅನ್ನಿ. ಎಷ್ಟು ಸಲ ಹೇಳುವುದು! ಮರದ ನೆರಳಿನಲ್ಲಿ ಬಿಸಿಲಿನ ಹುಲ್ಲು ಬದುಕುವುದಿಲ್ಲ. ಹುಲ್ಲು ಹೋದರೆ ಕೃಷ್ಣಮೃಗ ಎಲ್ಲಿಗೆ ಹೋಗಬೇಕು?

ಸಮಯ ಮುಗಿಯುತ್ತಾ ಬಂತು. ಈಗ ಇಷ್ಟು ಮಾಡಿ: ಗೋಮಾಳವನ್ನು ಮೂರು ಪಾಲು ಮಾಡಿ. ಒಂದು ಪಾಲಿಗೆ ಮೊದಲ ಮಳೆಯಿಂದ ಬೀಜ ಉದುರುವವರೆಗೆ, ಅಂದರೆ ದೀಪಾವಳಿಯ ಆಸುಪಾಸಿನವರೆಗೆ, ದನ-ಕುರಿ ಬಿಡಬೇಡಿ. ಆಮೇಲೆ ಧಾರಾಳವಾಗಿ ಬಿಡಿ, ಗೊರಸು ಬೀಜವನ್ನು ಮಣ್ಣಿಗೆ ತುಳಿಯುತ್ತದೆ. ಮರುವರ್ಷ ಇನ್ನೊಂದು ಪಾಲಿಗೆ ಬಿಡುವು. ಯಾವ ಪಾಲು ಮೊದಲು ಎಂದು ಮುಂಗಾರು ಬರುವ ಮುಂಚೆಯೇ ಊರವರೆಲ್ಲ ಕೂತು ತೀರ್ಮಾನಿಸಿ, ಕುರಿಗಾರರನ್ನೂ ಕರೆಯಿರಿ. ನಮಸ್ಕಾರ.